ವೋಟಿಗೆ ಇಪ್ಪತ್ತೊಂದು, ಮದುವೆಗೆ ಹತ್ತೊಂಬತ್ತು

ವಸುಮತಿಗೆ ವೋಟು ಬರುವ ಸಂಗತಿ ಪೆರಾಬೆಯಲ್ಲಿ ಯಾರಿಗಾದರೂ ತಿಳಿಯದೆ ಉಳಿದಿದ್ದರೆ ಅದು ತೊಟ್ಟಿಲಲ್ಲಿದ್ದವರಿಗೆ ಮಾತ್ರ. ಆಕೆಯ ತಂದೆ ಯಜ್ಞೇಶ್ವರ ಭಟ್ಟರು ಅಷ್ಟು ಮುತುವರ್ಜಿಯಿಂದ ಡಂಗುರ ಸಾರಿದ್ದರು. ಪುತ್ತೂರಿನ ಕಾಲೇಜಿನಲ್ಲಿ ಬಿ.ಎ. ಓದುವವಳು, ಬರುವ ವರ್ಷ, ಅಂದರೆ ಅರುವತ್ತೆರಡರ ಚುನಾವಣೆಯಲ್ಲಿ, ವೋಟು ಹಾಕುವವಳು. ಊರಿನಲ್ಲಿ ವೋಟಿರುವ ಹೆಂಗಸರು ಬೇಕಾದಷ್ಟಿದ್ದರು, ಕಾಲೇಜಿಗೆ ಹೋಗುವ ಹುಡುಗರೂ ಒಬ್ಬಿಬ್ಬರಿದ್ದರು. ಎರಡೂ ಭಾಗ್ಯ ಒಂದೇ ಜೀವದಲ್ಲಿ ಕೂಡಿಬಂದದ್ದು ತಮ್ಮ ಮನೆಯಲ್ಲಿ ಮಾತ್ರ ಎಂಬುದು ಭಟ್ಟರ ಸಂಶೋಧನೆ.

ತೊಡಕು ಒಂದೇ. ವೋಟಿಗೆ ಇಪ್ಪತ್ತೊಂದು ತುಂಬಿರಬೇಕು. ವಸುಮತಿಗೆ ತುಂಬಿತ್ತು. ಆದರೆ ಇಚಿಲಂಪಾಡಿಯಿಂದ ಬಂದಿದ್ದ ಸಂಬಂಧಕ್ಕೆ ಭಟ್ಟರು ಹತ್ತೊಂಬತ್ತು ಎಂದು ಹೇಳಿ ಕಳಿಸಿದ್ದರು. (ಅಡಿಕೆ ತೂಗುವಾಗ ಗೋಣಿಯ ತೂಕ ಕಳೆಯುವ ಹಾಗೆ, ಮದುವೆಯ ಮಾತಿನಲ್ಲಿ ಒಂದೆರಡು ವರ್ಷ ಕಳೆಯುವುದು ನ್ಯಾಯವೇ ಎಂದು ಅವರ ಮತ.)

“ಯಾವುದಾದರೂ ಒಂದು ಪ್ರಾಯ ಇಟ್ಟುಕೊಳ್ಳಿ,” ಎಂದಿದ್ದರು ಹೆಂಡತಿ ಪರಮೇಶ್ವರಿ.

“ವೋಟಿಗೆ ಇಪ್ಪತ್ತೊಂದು, ಮದುವೆಗೆ ಹತ್ತೊಂಬತ್ತು. ಅದು ಸರ್ಕಾರದ ಲೆಕ್ಕ, ಇದು ಮನೆಯ ಲೆಕ್ಕ. ಎರಡೂ ಎದುರುಬದುರು ಆಗುದು ಎಲ್ಲಿ?”

ಆದದ್ದು ಅವರ ಜಗಲಿಯಲ್ಲೇ. ಆ ಭಾನುವಾರ ಹುಡುಗನ ತಂದೆ ರಾಮಪ್ರಸಾದರು ಬಂದು, ಬೆಲ್ಲ ನೀರು ಕುಡಿದು, ಏನನ್ನೋ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ವೋಟರ ಪಟ್ಟಿ ಬರೆಯುವ ಕೂಸಪ್ಪ ಮಾಸ್ಟ್ರು ಅಂಗಳಕ್ಕೆ ಬಂದರು.

“ಮಗಳನ್ನು ಬರೆಯುದಲ್ವಾ ಭಟ್ರೆ? ದಾರಿಯಲ್ಲಿ ಸಿಕ್ಕಿದವರೆಲ್ಲ ನೆನಪು ಮಾಡಿದರು. ಪ್ರಾಯ ಎಷ್ಟು?”

ಭಟ್ಟರು ಒಮ್ಮೆ ಪ್ರಜಾಪ್ರಭುತ್ವದ ಕಡೆಗೆ, ಒಮ್ಮೆ ಭಾವೀ ಬೀಗರ ಕಡೆಗೆ ನೋಡಿದರು.

“ಪ್ರಾಯ... ಸಾಕಷ್ಟು ಉಂಟು.”

“ಸಾಕಷ್ಟು ಅಂತ ಬರೆಯಲಿಕ್ಕೆ ಆಗುದಿಲ್ಲ ಮಾರಾಯ್ರೆ.”

“ಹಾಗಾದರೆ... ಹತ್ತೊಂಬತ್ತು.”

ಊರಿಡೀ ಹೊತ್ತು ಮೆರೆಸಿದ ವೋಟನ್ನು ಕೈಯಾರೆ ಕೆರೆಗೆ ಹಾಕಿದಂತಾಗಿ ಭಟ್ಟರು ಕಂಬಕ್ಕೆ ಒರಗಿದರು.

ಕಾಫಿ ತಂದ ವಸುಮತಿ ಲೋಟಗಳನ್ನು ಇಳಿಸಿ, “ಇಪ್ಪತ್ತೊಂದು ತುಂಬಿತು ಮಾಸ್ಟ್ರೆ. ಅಪ್ಪನಿಗೂ ಗೊತ್ತುಂಟು,” ಎಂದಳು.

ರಾಮಪ್ರಸಾದರು ಲೋಟಕ್ಕೆ ಚಾಚಿದ ಕೈಯನ್ನು ಹಿಂದೆಗೆದು ಭಟ್ಟರ ಕಡೆ ತಿರುಗಿದರು.

“ಇದನ್ನು ಮೊದಲೇ ಹೇಳುದಲ್ವಾ ಭಟ್ರೆ? ನಮ್ಮ ರಾಧಾಕೃಷ್ಣ ಹತ್ತೊಂಬತ್ತರ ಸಣ್ಣ ಹುಡುಗಿ ಬೇಡವೇ ಬೇಡ, ತನ್ನ ಮಾತು ತಾನೇ ಆಡುವ ಪ್ರಾಯದವಳು ಬೇಕು ಅಂತ ಹಟ ಹಿಡಿದು ಕೂತಿದ್ದಾನೆ. ಬೇಡ ಅಂತ ಹೇಳಲಿಕ್ಕೇ ನಾನು ಬಂದದ್ದು.” ಮತ್ತೆ ಮಾಸ್ಟ್ರ ಕಡೆ ತಿರುಗಿ, “ಮದುವೆ ಆದರೆ ವೋಟು ಇಚಿಲಂಪಾಡಿಗೆ ಬರ್ತದಲ್ವಾ?”

“ಅದು ಹೇಗೆ?” ಭಟ್ಟರಿಗೆ ಜೀವ ಬಂತು. “ಸಾಕಿದ್ದು ನಾವು. ವೋಟು ಇಲ್ಲಿಯೇ.”

“ನಾನಿರುದು ಪುತ್ತೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ,” ಎಂದಳು ವಸುಮತಿ. “ಚುನಾವಣೆಯ ಹೊತ್ತಿಗೆ ಕಾಲೇಜು ಉಂಟು. ಅಲ್ಲಿ ಬರೆಸಬಹುದಲ್ವಾ ಮಾಸ್ಟ್ರೆ?”

“ವಾಸ ಇರುವಲ್ಲಿ ಬರೆಸಬಹುದು. ಎರಡು ಕಡೆ ಮಾತ್ರ ಆಗುದಿಲ್ಲ.”

“ಹಾಗಾದರೆ ಪುತ್ತೂರಲ್ಲಿ ಬರೆಸ್ತೇನೆ. ಮದುವೆಯ ಮಾತು ಪರೀಕ್ಷೆ ಮುಗಿದ ಮೇಲೆ.”

ರಾಮಪ್ರಸಾದರು ಇದಕ್ಕೆ ತಲೆದೂಗಿದ್ದನ್ನು ಕಂಡು ಭಟ್ಟರೂ ತಲೆದೂಗಿದರು. ಮಾಸ್ಟ್ರು ಅಪ್ಪ ಅಮ್ಮನ ಹೆಸರಷ್ಟೇ ಬರೆದುಕೊಂಡು ಹೊರಟರು, ಬೀಗರೂ ಜೊತೆಗೆ.

“ಇನ್ನು ಊರಿನವರಿಗೆ ಎಂತ ಹೇಳುದು?” ಎಂದರು ಪರಮೇಶ್ವರಿ.

ಭಟ್ಟರು ಆಗಲೇ ಶಾಲು ಹೆಗಲಿಗೇರಿಸಿ ಅಂಗಳ ದಾಟುತ್ತಿದ್ದರು. ಎದುರಿಗೆ ಸಿಕ್ಕಿದ ನೆರೆಯ ಜತ್ತಪ್ಪ, “ಮಗಳ ವೋಟು ಬರೆಸಿ ಆಯ್ತಾ?” ಎಂದು ಕೇಳಿದ.

“ಪೆರಾಬೆಯ ವೋಟು ಎಂತಕ್ಕೆ ಜತ್ತಪ್ಪ?” ಭಟ್ಟರು ಎದೆಯುಬ್ಬಿಸಿದರು. “ನಮಗೀಗ ಪುತ್ತೂರು ಪೇಟೆಯಲ್ಲೇ ಒಂದು ವೋಟು ಉಂಟು.”

“ನಮಗಲ್ಲ, ಅವಳಿಗೆ,” ಎಂದರು ಪರಮೇಶ್ವರಿ ಜಗಲಿಯಿಂದ. ಆದರೆ ಅದು ಕೇಳಿಸದಷ್ಟು ದೂರಕ್ಕೆ ಹೆಮ್ಮೆ ಭಟ್ಟರನ್ನು ಕರೆದುಕೊಂಡು ಹೋಗಿತ್ತು.