ಸೋಮವಾರದ ನೊಗಕ್ಕೆ ಒಪ್ಪಿಗೆ ಕೋರಿ

ದಿನಾಂಕ: 28-11-1956

ಇಂದ:
ಕುಮಾರಿ ಮಂಜವ್ವ, ತಂದೆ ದೇವಪ್ಪ, ಮ್ಯಾಟ್ರಿಕ್ ತರಗತಿ,
ಹಿರೇಹಂದಿಗೋಳ, ಗದಗ ತಾಲೂಕು.
(ಬರೆದವ: ಆಕೆಯ ಅಜ್ಜಿಯ ತಮ್ಮ ಗವಿಸಿದ್ದಪ್ಪ, ನಿವೃತ್ತ ಕಾರಕೂನ)

ಗೆ:
ಶ್ರೀ ಕೆಂದಪ್ಪನವರು, ಬಲಗೋಲಿನ ಎತ್ತು, ಹಾಗೂ
ಶ್ರೀ ಮಾಸಪ್ಪನವರು, ಎಡಗೋಲಿನ ಎತ್ತು,
ಗೋದಲಿಯ ಮುಂದೆ, ದೇವಪ್ಪನ ಕೊಟ್ಟಿಗೆ.

ವಿಷಯ: ಬರುವ ಸೋಮವಾರ, ದಿನಾಂಕ 3-12-1956ರಂದು ಧಾರವಾಡದ ವಿಶ್ವವಿದ್ಯಾಲಯ ನೋಡಿಬರಲು ತಮ್ಮ ಒಪ್ಪಿಗೆ ಕೋರಿ.

ಉಲ್ಲೇಖ: 1) "ಅಂದು ಸರ್ವರಿಗೂ ಬಾಗಿಲು ತೆರೆದಿರುತ್ತದೆ" ಎಂಬ ವಿಶ್ವವಿದ್ಯಾಲಯದ ಕರಪತ್ರ.
2) ಅಜ್ಜಿ ಹುಚ್ಚವ್ವ ಎಲೆ ಅಡಿಕೆ ಜಗಿಯುತ್ತ ಕೊಟ್ಟ ಬಾಯಿಹುಕುಂ: "ಎತ್ತನ್ನ ಕೇಳ್ರಿ."

ಮಾನ್ಯರೇ,

1. ಬರೆಯುವವ ಇಪ್ಪತ್ತೆಂಟು ವರ್ಷ ಮುಂಬಯಿ ಸರಕಾರದ ಕಾಗದ ಬರೆದವ. ನಾವು ಮೈಸೂರು ರಾಜ್ಯದವರಾಗಿ ಇನ್ನೂ ತಿಂಗಳು ತುಂಬಿಲ್ಲ. ಹೊಸ ಸರಕಾರದಲ್ಲಿ ಎತ್ತುಗಳಿಗೆ ಯಾವ ನಮೂನೆಯಲ್ಲಿ ಬರೆಯಬೇಕೆಂಬ ಸುತ್ತೋಲೆ ಈ ಊರಿಗೆ ಬಂದಿಲ್ಲವಾದ ಕಾರಣ ಹಳೆಯದರಲ್ಲೇ ಬರೆದಿದೆ. ತಪ್ಪಿದ್ದರೆ ಕೋಡು ಬೀಸದೆ ಓದಿಕೊಳ್ಳುವುದು.

2. ಅರ್ಜಿದಾರಳು ದಿನಾ ಒಂದೂವರೆ ತಾಸು ನಡೆದು ಗದಗಿನ ಶಾಲೆಗೆ ಹೋಗಿ ಬರುವವಳು. ಮ್ಯಾಟ್ರಿಕ್ ಮುಗಿಸಿ ಧಾರವಾಡದಲ್ಲಿ ಓದಬೇಕೆಂಬುದು ಆಕೆಯ ಹಟ. ಗದಗಿನಲ್ಲಿ ಒಂದು ವರ ಕಾದಿದೆ, ಯುಗಾದಿಯೊಳಗೆ ಅಕ್ಕಿಕಾಳು ಹಾಕಿ ಮುಗಿಸೋಣವೆಂಬುದು ಬಂಧುಗಳ ಅವಸರ. ದೇವಪ್ಪನ ತಾಯಿ, ಅಂದರೆ ನಮ್ಮಕ್ಕ ಹುಚ್ಚವ್ವ, ಈ ಮನೆಯ ಹೈಕೋರ್ಟು. ಆಕೆಯ ತೀರ್ಪು ಇದು:

"ಹೆಣ್ಣಹುಡುಗೀನ ಊರ ಬಿಟ್ಟು ಕಳಸೂದು ಆಟಲ್ಲ. ಎಲ್ಲಿ ಮಲಗತಾಳ, ಎಲ್ಲಿ ಉಣತಾಳ, ಕಲಸಾವ್ರ ಮಾರಿ ಹೆಂಗ ಅದಾವ, ಎಲ್ಲಾ ನಾನ ಕಣ್ಣಿಲೆ ನೋಡಬೇಕು. ನೋಡಾಕ ಆಗಲಿಲ್ಲ ಅಂದ್ರ ಗದಗಿನವ್ರಿಗೆ ಮಾತು ಕೊಟ್ಟಬಿಡೂದು. ಆತಿಲ್ಲ?"

ಮೇಲ್ಮನವಿಗೆ ಅವಕಾಶವಿಲ್ಲ.

3. ವಿಶ್ವವಿದ್ಯಾಲಯದವರು ಬಾಗಿಲು ತೆರೆಯಲು ಆರಿಸಿಕೊಂಡದ್ದು ಸೋಮವಾರ! ಆ ದಿನ ಬಸವಣ್ಣನ ವಾರ, ತಮ್ಮ ಕೊರಳಿಗೆ ನೊಗ ಇಡುವಂತಿಲ್ಲ. ಈ ನೇಮ ಹುಚ್ಚವ್ವ ಮದುವೆಯಾಗಿ ಬಂದಂದಿನಿಂದ ಮುರಿದದ್ದಿಲ್ಲ. ಆದರೆ ಆಕೆಗೆ ಮೊಣಕಾಲು ಹಿಡಿದು ಮೂರು ವರ್ಷ, ಗದಗ ಠೇಸನ್ನಿನವರೆಗೆ ನಡೆಯಲಾರಳು. ಮೋಟಾರಿನ ವಾಸನೆ ಬಡಿದರೆ ವಾಂತಿ. ಆದ್ದರಿಂದ ಠೇಸನ್ನಿನವರೆಗೆ ಚಕ್ಕಡಿಯೇ ಆಗಬೇಕು, ಅಲ್ಲಿಂದ ಮುಂದೆ ರೈಲು.

4. ಭಾನುವಾರ ಹೊರಡೋಣವೆಂದರೆ ಅಮಾವಾಸ್ಯೆ, ಅಂದೂ ತಮಗೆ ರಜೆ. (ಬರೆಯುವವನಿಗೆ ಸರಕಾರ ಇಷ್ಟು ರಜೆ ಎಂದೂ ಕೊಡಲಿಲ್ಲ, ಇರಲಿ.) ಶನಿವಾರ ಹೊರಟರೆ ಎರಡು ದಿನ ಎಲ್ಲಾದರೂ ತಂಗಬೇಕು. ಧಾರವಾಡದಲ್ಲಿ ನಮಗೆ ಗುರುತಿನವರಿಲ್ಲ. ಗದಗಿನಲ್ಲಿ ಇರುವುದು ಒಂದೇ ಮನೆ, ಅದು ವರನ ಮನೆ. ಅವರೋ ಅಮಾವಾಸ್ಯೆಗೆ ಹೋಳಿಗೆ ಮಾಡದೆ ಬಿಡುವವರಲ್ಲ. ಅಲ್ಲಿ ಕೂತು ಹುಚ್ಚವ್ವ ಹೋಳಿಗೆ ಉಂಡಳೋ, ಮುಗಿಯಿತು. ಉಂಡ ಮನೆಯವರಿಗೆ ಹೆಣ್ಣು ಕೊಡೂದಿಲ್ಲ ಎನ್ನುವ ಬಾಯಿ ಆಕೆಯದಲ್ಲ. ಕಾರಣ ಶನಿವಾರ ಹೊರಟರೆ ಅರ್ಜಿದಾರಳು ವಿಶ್ವವಿದ್ಯಾಲಯ ಮುಟ್ಟುವ ಮೊದಲೇ ಮದುಮಗಳಾಗುತ್ತಾಳೆ.

5. ಇಂದು ಮುಂಜಾನೆ ರೊಟ್ಟಿ ತಿನ್ನುವ ಹೊತ್ತಿಗೆ ಈ ಲೆಕ್ಕವೆಲ್ಲ ಕೇಳಿ ಹುಡುಗಿ ಎದ್ದು ನಿಂತಳು.

"ಆಯಿ, ಎತ್ತು ಬ್ಯಾಡ. ನೊಗಕ್ಕ ನಾನ ಹೆಗಲ ಕೊಡ್ತೀನಿ."

ದೇವಪ್ಪ ಈ ವಿಷಯದಲ್ಲಿ ಇಂದಿನವರೆಗೆ ಹೌದು ಎಂದವನಲ್ಲ, ಅಲ್ಲ ಎಂದವನೂ ಅಲ್ಲ. ಅವನು ರೊಟ್ಟಿ ಕೆಳಗಿಟ್ಟ.

"ನೀ ಆಯಿ ಬಾಜೂಕ ಕುಂಡ್ರು. ನೊಗಕ್ಕ ನಾ ಅದೀನಿ."

ಪಕ್ಕದ ಕಟ್ಟೆಯ ಮೇಲೆ ಅರಳೆ ಹಿಂಜುತ್ತಿದ್ದ ನೆರೆಮನೆಯ ಖಾಸಿಂಸಾಬರು ಅಲ್ಲಿಂದಲೇ ಕೂಗಿದರು: "ಇನ್ನೊಂದ ಕಡೆ ನಾ ಹಿಡಿತೀನ್ರಿ ಯವ್ವಾ. ಶುಕ್ರವಾರ ಇದ್ರ ಒಲ್ಲೆ ಅಂತಿದ್ದೆ. ಸೋಮವಾರಕ್ಕ ನನ್ನ ತಕರಾರಿಲ್ಲ!"

ಹುಚ್ಚವ್ವ ನಗುತ್ತಾಳೆ ಎಂದುಕೊಂಡೆವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎತ್ತಿಗೆ ಸೋಮವಾರ ಐತಿ, ಅಮಾಸಿ ಐತಿ. ದ್ಯಾವಾ, ನಿನಗ ಯಾವ ವಾರಾನೂ ಇಲ್ಲಲೋ."

ಇಲ್ಲಿ ಬರೆಯುವವನ ಕಣ್ಣಿನಿಂದ ಒಂದು ಹನಿ ಬಿದ್ದು ಮಸಿ ಹರಡಿದೆ, ಮನ್ನಿಸಬೇಕು. ಆಮೇಲೆ ಆಕೆ ದನಿ ಗಟ್ಟಿ ಮಾಡಿಕೊಂಡು ಹೇಳಿದ್ದು: "ಆತು. ಆದ್ರ ನೊಗ ಅವುರ್ದು. ಎತ್ತನ್ನ ಕೇಳ್ರಿ. ಬಾಯಿಲೆ ಬ್ಯಾಡ, ಬರದು ಕೇಳ್ರಿ. ಇಷ್ಟ ಕಲ್ತೀರಿ, ಒಂದ ಕಾಗದ ಬರ್ಯಾಕ ಬರೂದಿಲ್ಲೇನು?"

ಆದ್ದರಿಂದ ವಿನಂತಿ ಏನೆಂದರೆ, ತಾವು ಸೋಮವಾರ ದುಡಿಯಬೇಕೆಂದು ಅರ್ಜಿದಾರಳು ಕೇಳುತ್ತಿಲ್ಲ. ತಾವು ಎಂದಿನಂತೆ ಮಲಗಿ ಮೆಲುಕು ಹಾಕತಕ್ಕದ್ದು. ತಮ್ಮ ನೊಗವನ್ನು ಮಾತ್ರ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಸದರಿ ದೇವಪ್ಪ ಹಾಗೂ ಸದರಿ ಖಾಸಿಂಸಾಬರ ಹೆಗಲಿಗೆ ಬಿಟ್ಟುಕೊಡಬೇಕು. ಹಾದಿಯಲ್ಲಿ ಇಬ್ಬರೂ ಕುಸಿದು ಕೂತ ಸುದ್ದಿ ಬಂದರೂ ತಾವು ಕಣ್ಣಿ ಹರಿದುಕೊಂಡು ಸಹಾಯಕ್ಕೆ ಬರತಕ್ಕದ್ದಲ್ಲ. ಅಂದು ಸೋಮವಾರ.

ತಮ್ಮ ಮುಂದೆ ದಿನಾ ಮೇವು ಹಾಕುವ ವಿಶ್ವಾಸಿ,
ಮಂಜವ್ವ (ಸಹಿ)

ಲಗತ್ತುಗಳು:
1) ಶೇಂಗಾ ಹಿಂಡಿ, ಎರಡು ಬುಟ್ಟಿ. (ಓದುವ ಮೊದಲೇ ಮಾಸಪ್ಪನವರು ಒಂದನ್ನು ತಿಂದಿದ್ದಾರೆ. ಅದನ್ನೇ ಒಪ್ಪಿಗೆಯೆಂದು ತಿಳಿಯಲಾಗಿದೆ.)
2) ಹೊಸ ಗಾದಿ ಒಂದು, ಒಬ್ಬರು ಮಲಗುವಷ್ಟು. ಇದು ತಮಗಲ್ಲ, ಚಕ್ಕಡಿಗೆ ಹಾಕುವುದು. ಕೂರಲು ಮೆತ್ತಗಿರಲೆಂದು ಹುಚ್ಚವ್ವ ಖಾಸಿಂಸಾಬರಿಂದ ತುಂಬಿಸಿದ್ದಾಳೆ. "ಕುಂಡ್ರಾಕ ಇಷ್ಟುದ್ದ ಯಾಕ್ರಿ ಯವ್ವಾ?" ಎಂದು ಅವರು ಕೇಳಿದರೆ, "ಹುಡುಗಿ ಎತ್ತರ ಅದಾಳಪಾ, ಕಾಲು ಹೊರಗ ಬರಬಾರದು, ಧಾರವಾಡದಾಗ ಥಂಡಿ ಭಾಳ" ಎಂದಳಂತೆ.

ಕಡೆಯ ವಿನಂತಿ (ಹುಚ್ಚವ್ವ ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಿದ್ದು): ಮಂಗಳವಾರ ಮುಂಜಾನೆ ದೇವಪ್ಪ ಎಂದಿನಂತೆ ಹೊಲಕ್ಕೆ ಹೊರಡಲು ತಮ್ಮನ್ನು ಎಬ್ಬಿಸಲು ಬರುತ್ತಾನೆ. ಎಷ್ಟು ಎಳೆದರೂ ತಾವಿಬ್ಬರೂ ಏಳಬಾರದಾಗಿ ವಿನಂತಿ.