ಮೇಡಂ ನಿಂತೇ ಹಾಡುತ್ತಾರೆ

ಅಮೆರಿಕದ ಸಮರ್‌ಸೆಟ್ ಸುತ್ತಮುತ್ತ ಮನೆಮನೆಗೆ ಹೋಗಿ ವಯಸ್ಸಾದವರ ಮಂಡಿ ಬಗ್ಗಿಸುವುದು ನನ್ನ ಕೆಲಸ. ಇದಕ್ಕೆ ಫಿಸಿಯೋಥೆರಪಿ ಎನ್ನುತ್ತಾರೆ. ಪೇಶೆಂಟುಗಳು ಬೇರೆ ಏನೇನೋ ಎನ್ನುತ್ತಾರೆ. ಈ ಕೆಲಸದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಮೇಡಂ ಸಿಕ್ಕಿದ ಮೇಲೆ ವಾರದವರೆಗೆ ಕಾಯುವ ಪ್ರಮೇಯವೇ ಬರಲಿಲ್ಲ.

ಮೇಡಂ ಅಮೆರಿಕದವರೇ, ತೊಂಬತ್ತು ದಾಟಿದವರು. ಹರೆಯದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು, ಸಿನಿಮಾದಲ್ಲೂ ನಟಿಸುತ್ತಿದ್ದರು. ಹಾಡೆಲ್ಲ ಒಂದೇ ಜಾತಿ: ಬಿಟ್ಟುಹೋದವನನ್ನು ನೆನೆದು ಕೊರಗುವುದು. ಮಂಡಿ ಆಪರೇಷನ್ ಆದ ಮೇಲೆ ಅವರದು ಒಂದೇ ಹಠ. "ಇನ್ನೊಂದೇ ಒಂದು ಸಲ ಜನರ ಮುಂದೆ ಪೂರ್ತಿ ಹಾಡಬೇಕು. ಅದೂ ನಿಂತುಕೊಂಡು. ಕೂತರೆ ವಿರಹ ಗಂಟಲಿಗೆ ಬರೋದಿಲ್ಲ, ಡಾರ್ಲಿಂಗ್."

ಒಂದೇ ಕಣ್ಣು

ಮೊದಲ ದಿನ ಮಂಡಿಗೆ ಕೈ ಹಚ್ಚಿದೆನೋ ಇಲ್ಲವೋ, ಮೇಡಂ ಕಣ್ಣಲ್ಲಿ ದಳದಳ ನೀರು. ನಾನು ತಟ್ಟನೆ ಕೈ ತೆಗೆದೆ. "ಇವತ್ತಿಗೆ ಸಾಕು, ರೆಸ್ಟ್ ಮಾಡಿ" ಎಂದೆ.

ತಕ್ಷಣ ಕಣ್ಣೀರು ನಿಂತಿತು. "ನೋವೇನೂ ಇಲ್ಲ, ಮಾಡು ಮಾಡು. ಇನ್ನೂ ಬರುತ್ತಾ ಅಂತ ನೋಡಿದೆ ಅಷ್ಟೇ. ಬೇಕಾದರೆ ಒಂದೇ ಕಣ್ಣಲ್ಲೂ ತರಿಸುತ್ತೇನೆ. ಕ್ಯಾಮೆರಾ ಯಾವ ಕಡೆ ಇದೆ, ಹೇಳು!"

ಮುಂದಿನ ಸಾಲಿನ ಪಾಪಿ

ಇಷ್ಟು ಕೊರಗಿ ಹಾಡಿದವರನ್ನು ನಿಜವಾಗಿ ಕೈಬಿಟ್ಟವನು ಯಾರು? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾರೂ ಇಲ್ಲ. ಒಬ್ಬನೇ ಗಂಡ, ಬಂಗಾರದಂಥವನು. ಹಾಡುವ ರಾತ್ರಿಯೆಲ್ಲ ನನ್ನ ಗಂಟಲಿಗೆ ಅಂತ ಫ್ಲಾಸ್ಕಿನಲ್ಲಿ ಸೂಪ್ ತಂದು ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಅವನನ್ನೇ ನೋಡುತ್ತಾ ಹಾಡುತ್ತಿದ್ದೆ."

"ಎಷ್ಟು ಚೆನ್ನಾಗಿದೆ!"

"ಏನು ಚೆನ್ನ? ನನ್ನನ್ನು ಬಿಟ್ಟುಹೋದ ಪಾಪಿ ಇವನೇ ಅಂದುಕೊಂಡು ಜನ ಅವನಿಗೆ ಹೊಡೆಯೋಕೇ ಬರುತ್ತಿದ್ದರು. ಪಾಪ, ಸೂಪ್ ಕೊಟ್ಟು ಹಿಂದಿನ ಬಾಗಿಲಿನಿಂದ ಓಡುತ್ತಿದ್ದ."

ಸನ್ಮಾನ

ಮೇಡಂ ವಿಷಯ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ಧಾರವಾಡದವರು, ದೊಡ್ಡ ಮನಸ್ಸಿನವರು. "ಅಂಥಾ ಕಲಾವಿದರನ್ನ ನಾವು ಸನ್ಮಾನ ಮಾಡ್ಲೇಬೇಕ್ರೀ ಅಕ್ಕಾರ!"

"ಅವರಿಗೆ ಸನ್ಮಾನ ಬೇಡ ಸರ್. ನಿಂತು ಒಂದು ಹಾಡು ಹಾಡಬೇಕಂತೆ, ಅಷ್ಟೇ."

"ಒಂದ್ಯಾಕ್ರೀ, ಎರಡು ಹಾಡ್ಲಿ!"

ಅಂದಿನಿಂದ ಮೇಡಂ ಅಡುಗೆಮನೆಯ ಕಟ್ಟೆ ಹಿಡಿದು ನಿಲ್ಲುವುದನ್ನು ಕಲಿತರು. ಕಾಲು ನಡುಗಿದರೂ ಕೂರುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅಂಥ ಛಲ ನಾನು ಬೇರೆಲ್ಲೂ ಕಂಡಿಲ್ಲ.

ಕಾರ್ಯಕ್ರಮದ ದಿನ ಶಾಲೆಯ ಆಡಿಟೋರಿಯಂನಲ್ಲಿ ಮೇಡಂ ಅವರನ್ನು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿ, ಗಂಧದ ಹಾರ ಹಾಕಿ, ಮೈಸೂರು ಪೇಟ ತೊಡಿಸಿ, ದೊಡ್ಡ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಆಮೇಲೆ ಅಧ್ಯಕ್ಷರು ಮಾತಾಡಿದರು. ಉಪಾಧ್ಯಕ್ಷರು ಮಾತಾಡಿದರು. ಹಿಂದಿನ ಅಧ್ಯಕ್ಷರು ತಾವೇಕೆ ಮಾತಾಡುವುದಿಲ್ಲ ಎಂಬುದರ ಬಗ್ಗೆ ಬಹಳ ಹೊತ್ತು ಮಾತಾಡಿದರು. ನನಗೆ ಮಂಡಿಯದೇ ಚಿಂತೆ. ಹೀಗೆ ಕೂತರೆ ಅದು ಸೆಟೆದುಕೊಳ್ಳುವುದು ಖಂಡಿತ.

ಮೇಡಂ ನನ್ನ ಕಿವಿಯಲ್ಲಿ ಕೇಳಿದರು: "ಡಾರ್ಲಿಂಗ್, ನಾನಿನ್ನೂ ಬದುಕಿದ್ದೇನೆ ಅಂತ ಇವರಿಗೆ ಹೇಳಿದ್ದೀಯ ತಾನೇ?"

ಕೊನೆಗೆ ಮೈಕ್ ಅವರ ಮುಂದೆ ಬಂತು. ಹಿಡಿಯಲು ಕೈ ಎತ್ತಿದರೆ ಬುಟ್ಟಿ ಜಾರುತ್ತದೆ, ಬುಟ್ಟಿ ಹಿಡಿದರೆ ಮೈಕ್ ಸಿಗುವುದಿಲ್ಲ. ಅಷ್ಟರಲ್ಲಿ ಯಾರೋ ಅದನ್ನು ಎಳೆದುಕೊಂಡು ವಂದನಾರ್ಪಣೆ ಮುಗಿಸಿ, "ಬಿಸಿಬೇಳೆಬಾತ್ ರೆಡಿ ಇದೆ" ಎಂದುಬಿಟ್ಟರು. ಕ್ಷಣದಲ್ಲಿ ಸಭಾಂಗಣ ಖಾಲಿ. ನನಗೆ ಅಳುವೇ ಬಂತು, ಎರಡೂ ಕಣ್ಣಲ್ಲಿ.

"ಎಲ್ಲರೂ ಎಲ್ಲಿಗೆ ಹೋದರು?"

"ಊಟಕ್ಕೆ, ಮೇಡಂ."

ಅವರ ಮುಖ ಅರಳಿತು. "ಊಟ ಮಾಡುವವರ ಮುಂದೆ ತಾನೇ ನಾನು ಜೀವಮಾನವೆಲ್ಲ ಹಾಡಿದ್ದು! ನಡೆ!"

ಕೆಫೆಟೇರಿಯಾದಲ್ಲಿ ವಾಕರ್ ಪಕ್ಕಕ್ಕಿಟ್ಟು, ಮೊಸರನ್ನದ ಮೇಜಿಗೆ ಒಂದು ಕೈ ಊರಿ, ಪೇಟದ ಸಮೇತ ನಿಂತರು. ಹಾಡಿದರು. ಸ್ವರ ಸವೆದಿತ್ತು, ಆದರೆ ನೋವು ಹೊಚ್ಚ ಹೊಸದು. ಬಡಿಸುವವರ ಸೌಟು ಗಾಳಿಯಲ್ಲೇ ನಿಂತಿತು. ಸಾಲು ಮುಂದಕ್ಕೆ ಹೋಗಲಿಲ್ಲ. ಮಂಡಿಯನ್ನೇ ನೋಡುತ್ತಿದ್ದ ನಾನು ಮಂಡಿಯನ್ನೇ ಮರೆತೆ. ಮೇಡಂ ಹಾಡು ಮುಗಿಯುವವರೆಗೂ ನಿಂತೇ ಇದ್ದರು.

ಚಪ್ಪಾಳೆ ನಿಲ್ಲುವ ಮೊದಲೇ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ, ಸಭಾಂಗಣದ ಮೈಕ್ ಹಿಡಿದುಕೊಂಡು ಮುಂದೆ ಬಂದರು. "ಈಗ ಈ ಹಾಡಿನ ಬಗ್ಗೆ ನಾಲ್ಕು ಮಾತು..."

ಮೇಡಂ ಮುಗುಳ್ನಕ್ಕು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ತಮ್ಮ ಪೇಟ ತೊಡಿಸಿದರು, ಶಾಲು ಹೊದಿಸಿದರು, ನನ್ನ ಕೈಯಲ್ಲಿದ್ದ ಹಣ್ಣಿನ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟರು. ಎರಡನೆಯ ಹಾಡಿಗೆ ಅವರ ಕೈಯಿಂದ ಮೈಕ್ ಎತ್ತಿಕೊಳ್ಳುತ್ತಾ ನನಗೆ ಕಣ್ಣು ಹೊಡೆದರು.

"ಇನ್ನು ಹೆದರಬೇಡ, ಡಾರ್ಲಿಂಗ್. ಆ ಬುಟ್ಟಿ ಇಟ್ಟುಕೊಂಡು ಮೈಕ್ ಹಿಡಿಯೋಕೆ ಯಾರಿಂದಲೂ ಆಗೋದಿಲ್ಲ."