ಬದಲಿಯ ಫೋನು ಸರಿಯಾದದ್ದು

ಎಷ್ಟು ಉಜ್ಜಿದರೂ ಫೋನು ಕಲ್ಲಿನ ಹಾಗೆ ಕೂತಿತ್ತು. ಪರದೆಯಲ್ಲಿ ಬೆಳಕಿದೆ, ಗಡಿಯಾರ ಓಡುತ್ತಿದೆ, ಬೆರಳಿಟ್ಟರೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

ಬೇರೆ ದಿನವಾಗಿದ್ದರೆ ಅದನ್ನು ಹಾಸಿಗೆಗೆ ಒಗೆದು ಅವನೂ ಬಿದ್ದುಕೊಳ್ಳುತ್ತಿದ್ದ. ಆದರೆ ಇವತ್ತು ಮಧ್ಯಾಹ್ನದೊಳಗೆ ಬಸ್ ಡಿಪೋದ ಸೂಪರ್‌ವೈಸರ್ ಫೋನ್ ಮಾಡುವವನಿದ್ದ. ಅಲ್ಲಿ ಇವನು ಬದಲಿ ಡ್ರೈವರ್. ಯಾರಿಗಾದರೂ ಜ್ವರ ಬಂದರೆ, ಯಾರದಾದರೂ ಮದುವೆಯಾದರೆ ಅವತ್ತು ಇವನ ಕೈಗೆ ಸ್ಟೇರಿಂಗು. ಉಳಿದ ದಿನ ಬೆಂಚು. ಬೆಂಚು ಸವೆಸಿ ಸವೆಸಿ, ಬೀದಿಯವರ ಬಾಯಲ್ಲೂ ಅವನ ಹೆಸರು ‘ಬದಲಿ’ ಎಂದೇ ನಿಂತುಹೋಗಿತ್ತು.

ಈಗ ಒಂದು ಬಸ್ಸಿಗೆ ಕಾಯಂ ಡ್ರೈವರ್ ಬೇಕಾಗಿದ್ದ. ಇದ್ದವರು ಇಬ್ಬರೇ: ಬದಲಿ, ಮತ್ತು ಅದೇ ಬೆಂಚಿನಲ್ಲಿ ಕೂತಲ್ಲೇ ಗೊರಕೆ ಹೊಡೆಯುವ ‘ತೂಕಡಿಕೆ’. ಸೂಪರ್‌ವೈಸರ್ ಮಹಾರಾಯ ಯಾರಿಗೇ ಆಗಲಿ ಫೋನ್ ಮಾಡುವುದು ಒಂದೇ ಸಲ. ತಿರುಗಿ ಮಾಡಿದರೆ ಎತ್ತುವುದಿಲ್ಲ. ಕರೆಯದೆ ಡಿಪೋಗೆ ಹೋದರೆ ಗೇಟಿನಿಂದಲೇ ಅಟ್ಟುತ್ತಾನೆ. ಕಿರೀಟ ಇಟ್ಟುಕೊಂಡವರೂ ಇಷ್ಟು ಬಿಗುಮಾನ ಮಾಡಿರಲಿಕ್ಕಿಲ್ಲ.

“ಬೀದಿ ಕೊನೇಲಿ ರಿಪೇರಿ ಅಂಗಡಿ ಇದೆಯಲ್ಲೋ, ಅಲ್ಲಿ ಕೊಡು” ಎಂದಳು ಅಕ್ಕ, ಬಟ್ಟೆ ಹಿಂಡುತ್ತಾ.

“ಸಂಜೆಗೆ ಬಾ ಅಂತಾನೆ ಅವನು. ಸಂಜೆ ಹೊತ್ತಿಗೆ ನನ್ನ ಬಸ್ಸಲ್ಲಿ ತೂಕಡಿಕೆ ಕೂತಿರ್ತಾನೆ! ನಿನ್ನ ಫೋನ್ ಕೊಡು, ಸಿಮ್ ಹಾಕ್ಕೋತೀನಿ.”

“ನಂದನ್ನ ನಿಮ್ಮ ಭಾವ ತಗೊಂಡು ಹೋಗಿದಾರೆ. ಅವರದು ನಿನ್ನೆ ನೀರಿನ ತೊಟ್ಟಿಗೆ ಬಿತ್ತಲ್ಲ.”

ಅಷ್ಟು ಮಾತು ಕೆಳಗೆ ಕೇಳಿಸಿದ್ದೇ ಸಾಕಾಯಿತು. ಕೆಳಗಿನ ಕಟಿಂಗ್ ಶಾಪಿನವನು ಕೂದಲು ಒಣಗಿಸುವ ಮೆಷಿನ್ನು ಹಿಡಿದೇ ಮೆಟ್ಟಿಲು ಹತ್ತಿ ಬಂದ. ಶಾಪಿನ ಕುರ್ಚಿಯಲ್ಲಿ ಅರ್ಧ ಕೂದಲು ಕತ್ತರಿಸಿದ ತಲೆಯೊಂದು ಅವನಿಗಾಗಿ ಕಾಯುತ್ತಿತ್ತು.

“ಒಳಗೆ ತೇವ ಸೇರಿರುತ್ತೆ ಗುರು. ಬಿಸಿಗಾಳಿ ಬಿಟ್ರೆ ಮಗು ಥರ ಮಾತು ಕೇಳುತ್ತೆ.”

ಗಾಳಿ ಬಿಟ್ಟ. ಫೋನು ಕಾವಲಿಯಂತೆ ಕಾದು, ತನಗೆ ಸೆಕೆಯಾಗುತ್ತಿದೆ ಎಂದು ಪರದೆಯಲ್ಲೇ ಬರೆದು ತೋರಿಸಿತು.

“ಅಯ್ಯೋ ಮುಂಡೇದೆ, ಸುಡ್ತೀಯಲ್ಲೋ!” ಎಂದು ಪಕ್ಕದ ಮನೆಯ ರೇಡಿಯೋ ತಾತ ಒಳಗೆ ನುಗ್ಗಿದರು. ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡಿದವರು; ಅಂದಿನಿಂದ ಕರೆಂಟಿನ ವಸ್ತುಗಳೆಲ್ಲ ತಮ್ಮ ಮಕ್ಕಳೆಂದೇ ತಿಳಿದಿದ್ದರು. “ಫ್ರಿಜ್ಜಲ್ಲಿಡಮ್ಮ ಇದನ್ನ.”

ಅಕ್ಕ ಇಟ್ಟಳು. ರಿಂಗು ಕೇಳಿಸದಿದ್ದರೆ ಗತಿ ಏನು ಎಂದು ಬದಲಿ ಫ್ರಿಜ್ಜಿನ ಬಾಗಿಲು ತೆರೆದು, ಟೊಮೇಟೊಗಳ ನಡುವೆ ಕಿವಿಯಿಟ್ಟು ನಿಂತ. ಕಿವಿ ಮರಗಟ್ಟಿತು. ಫೋನು ತಣ್ಣಗಾಯಿತು. ಬುದ್ಧಿ ಮಾತ್ರ ಬರಲಿಲ್ಲ.

“ಬಟನ್ ಒತ್ತಿ ಹಿಡಿದು ಆಫ್ ಮಾಡು” ಎಂದ ಶಾಪಿನವನು. “ಸೌಂಡ್ ಬಟನ್ನೂ ಜೊತೆಗೆ.”

“ಮೇಲಿನದಾ ಕೆಳಗಿನದಾ?”

“ಕೆಳಗಿಂದು.”

“ಮೇಲಿಂದೋ!” ಎಂದರು ತಾತ.

ಬದಲಿ ಕೆಳಗಿನದನ್ನು ಒತ್ತಿದ. ಫೋನು ಕಟಕ್ಕೆಂದು ತನ್ನದೇ ಪರದೆಯ ಫೋಟೋ ತೆಗೆದುಕೊಂಡಿತು. ಮತ್ತೆ ಒತ್ತಿದ. ಮತ್ತೊಂದು ಫೋಟೋ.

“ಮದುವೆ ಗಂಡಿನ ಫೋಟೋ ತೆಗೀತಿದೆಯೇನೋ ಇದು!” ಎಂದು ಬದಲಿ ಹಲ್ಲು ಕಡಿದ. ಗಡಿಯಾರ ನೋಡಿದ.

ತಾತ ಜೇಬಿನಿಂದ ತಮ್ಮ ಇಟ್ಟಿಗೆಯಂಥ ಹಳೆಯ ಫೋನು ತೆಗೆದರು. “ಸಿಮ್ ಇದಕ್ಕೆ ಹಾಕು. ಇದು ಸಾಯೋ ಜಾತಿ ಅಲ್ಲ.”

ಹೆಬ್ಬೆರಳಗಲದ ಸಿಮ್ಮಿಗೆಂದು ಮಾಡಿದ ಸಂದಿಯೊಳಗೆ ಬದಲಿಯ ಚಿಟಿಕೆ ಸಿಮ್ಮು ಜಾರಿ ಹೋದದ್ದೇ ಹೋದದ್ದು, ಒಳಗೆಲ್ಲೋ ಅಡ್ಡ ಸಿಕ್ಕಿಕೊಂಡಿತು. ಇಟ್ಟಿಗೆ ‘ಸಿಮ್ ಇಲ್ಲ’ ಎಂದಿತು. ಅಲ್ಲಾಡಿಸಿದರೆ ಗಲಗಲ ಸದ್ದು. ಬರಲಿರುವ ಫೋನಿಗೆ ಈಗ ಇಳಿಯಲು ನೆಲವೇ ಇರಲಿಲ್ಲ.

“ಈ ಹೊತ್ತಲ್ಲೇ ಅವನು ಮಾಡಿದ್ರೆ?” ಬದಲಿ ಇಟ್ಟಿಗೆಯನ್ನು ಬೋರಲು ಹಾಕಿ ಕೊಡವಿದ. “ತೆಗೀರಿ! ತೆಗೀರಿ ಅಂದೆ!”

ಶಾಪಿನವನು ಕೆಳಗೋಡಿ ಚಿಮಟ ತಂದ. ಹಿಂದೆಯೇ ಅರ್ಧ ಕತ್ತರಿಸಿದ ತಲೆಯೂ ಬಂದು, “ನನ್ನ ಗತಿ ಏನಪ್ಪಾ?” ಎಂದಿತು.

“ಸುಮ್ನಿರಿ ಸ್ವಾಮಿ, ಆಪರೇಷನ್ ನಡೀತಿದೆ!”

ಕೊನೆಗೆ ಸಿಮ್ಮು ಹೊರಬಂತು. ಬದಲಿ ಅದನ್ನು ಅದರ ಮನೆಗೆ, ತನ್ನ ಫೋನಿಗೇ, ಸೇರಿಸಿದ. ಸೇರಿಸಿದ್ದೇ ತಡ, ಫೋನು ಬಡಿದುಕೊಳ್ಳತೊಡಗಿತು. ನಾಲ್ಕು ಕೈಗಳು ಒಟ್ಟಿಗೆ ಮೇಲೆ ಬಿದ್ದು ಉಜ್ಜಿದವು, ತಿಕ್ಕಿದವು, ಕೆರೆದವು. ಪರದೆ ಮಾತ್ರ ಗೋಡೆ.

“ಯಾರದು? ಹೆಸರು ನೋಡ್ರೋ!”

ಪರದೆಯಲ್ಲಿ ‘ಅಕ್ಕ’ ಎಂದಿತ್ತು.

“ನಾನಿಲ್ಲೇ ಇದೀನಲ್ಲೋ!” ಎಂದು ಅಕ್ಕ ಹೌಹಾರಿದಳು. ಆಮೇಲೆ ಹಣೆ ಚಚ್ಚಿಕೊಂಡಳು. “ನಿಮ್ಮ ಭಾವ ಕಣೋ. ಬಸ್ಸು ಸಿಕ್ತಾ ಅಂತ ಕೇಳೋಕ್ಕಿರಬೇಕು.”

ರಿಂಗು ತಾನಾಗಿಯೇ ನಿಂತಿತು. ಮಧ್ಯಾಹ್ನಕ್ಕೆ ಇನ್ನು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಹೊಗೆ ನುಂಗಿದ್ದು, ಬೆಂಚು ಕಾದದ್ದು, ಊರವರ ಬಸ್ಸನ್ನೆಲ್ಲ ತೊಳೆದದ್ದು, ಎಲ್ಲ ಈ ಅಂಗೈಯಗಲದ ಗಾಜಿನ ಹಿಂದೆ ಸಿಕ್ಕಿಬಿದ್ದಿತ್ತು.

“ಕೊಡೋ ಇಲ್ಲಿ!” ತಾತ ಪರದೆಗೆ ಅಂಟಿಸಿದ್ದ ಗಾಜಿನ ಹಾಳೆಯನ್ನು ಉಗುರಿನಿಂದ ಕಿತ್ತರು. ಅದೇ ಗಳಿಗೆಯಲ್ಲಿ ಶಾಪಿನವನು ಮೇಲಿನ ಸೌಂಡ್ ಬಟನ್ನನ್ನೂ ಆಫ್ ಬಟನ್ನನ್ನೂ ಒಟ್ಟಿಗೆ ಒತ್ತಿ ಹಿಡಿದ. ಅದೇ ಗಳಿಗೆಯಲ್ಲಿ ಅಕ್ಕ, ಹಟಮಾರಿ ಮಗುವಿಗೆ ಕೊಡುವ ಹಾಗೆ, ಫೋನಿನ ಬೆನ್ನಿಗೆ ಒಂದು ಬಿಟ್ಟಳು.

ಫೋನು ಕಪ್ಪಾಯಿತು. ಮೈಮುರಿದಂತೆ ನಡುಗಿತು. ಎದ್ದಿತು. ಬದಲಿ ಬೆರಳಿಟ್ಟ. ಬೆಣ್ಣೆಯ ಹಾಗೆ ಸರಿಯಿತು!

ಮೂವರೂ ಹೋ ಎಂದರು. ಆ ಗದ್ದಲದ ನಡುವೆಯೇ ರಿಂಗು. ‘ಸೂಪರ್‌ವೈಸರ್’. ಮೊದಲ ರಿಂಗು ಪೂರ್ತಿ ಬಾಯಿ ಬಿಡುವ ಮುನ್ನವೇ ಬದಲಿ ಎತ್ತಿದ.

“ಹಲೋ ಸಾರ್!”

“ಎತ್ತಿಬಿಟ್ಯಾ?”

“ಎತ್ತಿದೆ ಸಾರ್! ಒಂದೇ ರಿಂಗಿಗೆ!”

“ಅದೇ ನೋಡು ತೊಂದ್ರೆ ಬಂದಿದ್ದು. ಮೊನ್ನೆ ಒಬ್ಬ ಮಹಾನುಭಾವ ಫೋನಲ್ಲಿ ಮಾತಾಡ್ತಾ ಬಸ್ಸನ್ನ ಡಿಪೋ ಗೋಡೆಗೇ ಗುದ್ದಿದ. ಫೋನ್ ಹುಚ್ಚಿರೋರಿಗೆ ಬಸ್ ಕೊಡಬೇಡ ಅಂತ ಮೇಲಿನವರ ಆರ್ಡರು. ಅದಕ್ಕೇ ಪರೀಕ್ಷೆಗೆ ಇಬ್ಬರಿಗೂ ಮಾಡಿದೆ. ತೂಕಡಿಕೆ, ರಿಂಗಾಗಿ ರಿಂಗಾಗಿ ಕಟ್ಟಾದ್ರೂ ಎತ್ತಲಿಲ್ಲ. ನೀನು ರಿಂಗಾಗೋಕ್ಕೂ ಬಿಡಲಿಲ್ಲ.”

“ಸಾರ್, ಬೆಳಗಿಂದ ಈ ಫೋನ್ ಜೊತೆ ಒದ್ದಾಡಿ—”

“ಬೆಳಗಿಂದ ಫೋನೇ ಅಂತ ನಿನ್ನ ಬಾಯಲ್ಲೇ ಬಂತಲ್ಲ! ಬಸ್ಸು ತೂಕಡಿಕೆಗೆ. ನೀನು ಬೆಂಚಲ್ಲಿರು.”

ಕಟ್ಟಾಯಿತು. ಆ ರಿಂಗು ನಿಲ್ಲುವ ತನಕ ಈ ಫೋನು ಹೆಣವಾಗಿ ಬಿದ್ದಿದ್ದರೆ ಸಾಕಿತ್ತು.

ಅವನ ಬೆನ್ನ ಹಿಂದೆ ಜಗಳ ಆಗಲೇ ಕಾವೇರಿತ್ತು. “ನಾನು ಹಾಳೆ ಕಿತ್ತಿದ್ದಕ್ಕೆ!” “ಬಟನ್ ಒತ್ತಿದ್ದು ನಾನು ತಾತ!” “ನನ್ನ ಏಟಿಗೆ ಕಣ್ರೀ!”

ಬದಲಿ ನಿಧಾನವಾಗಿ ತಿರುಗಿದ. ಫೋನನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿದ.

“ಇದನ್ನ ಸರಿಮಾಡಿದ್ದು ಯಾರು?” ಎಂದ, ಬಹಳ ಮೆತ್ತಗೆ. “ಒಂದು ಹೆಜ್ಜೆ ಮುಂದೆ ಬನ್ನಿ.”

ಮೂವರೂ ಒಬ್ಬರನ್ನೊಬ್ಬರು ತಳ್ಳಿಕೊಂಡು, ಎದೆಯುಬ್ಬಿಸಿ ಮುಂದೆ ಬಂದರು.